ಊರಿನ ಸಾಕ್ಷಿಯಿಂದ ದಲ್ಲಾಳಿಯ ಮಾತಿನವರೆಗೆ: ಗಬ್ಬೂರು ಸೀಮೆಯಲ್ಲಿ ಮನೆ–ಹೊಲದ ಮಾರಾಟ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಬ್ಬೂರು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶದ ಹಳೆಯ ಊರುಗಳಲ್ಲೊಂದಾಗಿದ್ದು, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿಂದಲೂ ಶಾಸನಗಳಿಂದಲೂ ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾಗಿದೆ. ಇಂಥ ಊರುಗಳ ಚರಿತ್ರೆಯಲ್ಲಿ ಭೂಮಿ ದಾನ ಕೊಟ್ಟವರ ಮತ್ತು ಗುಡಿ ಕಟ್ಟಿಸಿದವರ ಹೆಸರುಗಳು ದಾಖಲಾಗಿವೆಯೇ ಹೊರತು, ಒಬ್ಬರ ಮನೆ ಇನ್ನೊಬ್ಬರ ಪಾಲಾಗುವಾಗ ನಡುವೆ ನಿಂತು ವ್ಯವಹಾರ ಕುದುರಿಸಿದವರ ಕುರಿತು ಹೆಚ್ಚಿನ ಬರಹವಿಲ್ಲ. ಇಂದು ದಲ್ಲಾಳಿ, ಬ್ರೋಕರ್, ಏಜೆಂಟ್ ಎಂದು ಕರೆಯಲಾಗುವ ಈ ಮಧ್ಯಸ್ಥನ ಕಸುಬನ್ನು ಕೇವಲ ಹಣದಾಸೆಯ ಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ಭೂವ್ಯವಹಾರದ ಕ್ರಮವನ್ನು ಹಿಂದಿನಿಂದ ಗಮನಿಸಿದರೆ, ಊರೇ ಕೂಡಿ ಮಾಡುತ್ತಿದ್ದ ಸಾಕ್ಷಿಯ ಕೆಲಸ ಕಾಗದಕ್ಕೆ ಸೇರಿದಾಗ ಉಳಿದ ತೆರಪಿನಲ್ಲಿ ಈ ಕಸುಬು ಬೇರುಬಿಟ್ಟಿತೆಂಬುದು ಸ್ಪಷ್ಟವಾಗುತ್ತದೆ.

ಮಧ್ಯಸ್ಥನಿಲ್ಲದ ವ್ಯವಹಾರದ ಸ್ವರೂಪವನ್ನು ಅರಿಯಲು ಇದೇ ನಾಡಿನ ಗ್ರಂಥವೊಂದು ನೆರವಾಗುತ್ತದೆ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು, ಭೂಮಿ ಕೈಬದಲಾಗಲು ಆರು ಅಂಗಗಳು ಬೇಕೆಂಬ ಹಳೆಯ ವಚನವೊಂದನ್ನು ಎತ್ತಿಕೊಂಡು ಚರ್ಚಿಸುತ್ತದೆ. ಊರಿನವರ, ಜ್ಞಾತಿಗಳ, ನೆರೆಹೊಲದವರ ಮತ್ತು ದಾಯಾದಿಗಳ ಒಪ್ಪಿಗೆಯ ಜೊತೆಗೆ ಹೊನ್ನು ಮತ್ತು ನೀರನ್ನು ಧಾರೆಯೆರೆಯುವುದು ಸೇರಿ ಈ ಆರು ಅಂಗಗಳಾಗುತ್ತವೆ. ಊರಿನವರ ಒಪ್ಪಿಗೆ ವ್ಯವಹಾರವು ಎಲ್ಲರಿಗೂ ತಿಳಿಯಲೆಂದು, ನೆರೆಯವರ ಒಪ್ಪಿಗೆ ಗಡಿಯ ತಂಟೆ ಮುಂದೆ ಏಳದಿರಲೆಂದು ಎಂಬ ವಿವರಣೆಯನ್ನು ವಿಜ್ಞಾನೇಶ್ವರನು ಕೊಡುತ್ತಾನೆ. ಸ್ಥಿರಾಸ್ತಿಯನ್ನು ಮಾರಬಾರದೆಂಬ ನಿಷೇಧವೂ ಶಾಸ್ತ್ರದಲ್ಲಿದ್ದುದರಿಂದ, ಮಾರಾಟಕ್ಕೂ ದಾನದ ರೂಪ ಕೊಟ್ಟು ಹೊನ್ನು–ನೀರು ಬಿಡಬೇಕೆಂಬುದು ಅವನ ಸಮಾಧಾನ. ಆಸ್ತಿ ಮಾರಾಟಕ್ಕಿದೆಯೆಂದು ಸಾರುವುದು, ಹಕ್ಕುದಾರರನ್ನು ಗುರುತಿಸುವುದು ಮತ್ತು ಗಡಿಯನ್ನು ಖಚಿತಪಡಿಸುವುದು ಎಂಬ ಮೂರು ಕೆಲಸಗಳು, ಈ ವ್ಯವಸ್ಥೆಯಲ್ಲಿ, ಯಾರಿಗೂ ಕಮಿಷನ್ ಸಲ್ಲಿಸದೆ ಊರಿನ ಸಮಕ್ಷಮದಲ್ಲೇ ನಡೆದುಹೋಗುತ್ತಿದ್ದವು.

ಆ ಕಾಲದ ಕನ್ನಡ ಶಾಸನಗಳ ಒಕ್ಕಣೆಯೂ ಇದಕ್ಕೆ ಹೊಂದುತ್ತದೆ. ಹೊಲವನ್ನು ಮತ್ತರು ಎಂಬ ಮಾನದಲ್ಲಿ, ಮನೆಯ ನಿವೇಶನವನ್ನು ಕೈ ಅಳತೆಯಲ್ಲಿ ಹೇಳಿ, ಯಾವ ಗಳೆಯಿಂದ, ಅಂದರೆ ಯಾವ ಅಳತೆಗೋಲಿನಿಂದ, ಅಳೆಯಲಾಯಿತೆಂಬುದನ್ನು ಸೂಚಿಸಿ, ನಾಲ್ಕು ದಿಕ್ಕಿನ ಗಡಿಯಾದ ಚತುಸ್ಸೀಮೆಯನ್ನು ಹಳ್ಳ, ಮರ, ದಾರಿ, ನೆಟ್ಟ ಕಲ್ಲುಗಳ ಮೂಲಕ ಒಂದೊಂದಾಗಿ ಗುರುತಿಸುವುದು ಅವುಗಳ ವಾಡಿಕೆ. ಅಗ್ರಹಾರಗಳಲ್ಲಿ ಮಹಾಜನರೂ ಇತರೆಡೆ ಗಾವುಂಡರೂ ಸಾಕ್ಷಿಗಳಾಗಿ ನಿಲ್ಲುತ್ತಿದ್ದರು. ಗುಡಿಯ ಮುಂದೆ ನಿಂತ ಕಲ್ಲಿನಲ್ಲಿ ಬರೆದದ್ದು ಊರಿನವರೆಲ್ಲರ ಕಣ್ಣೆದುರಿಗಿದ್ದುದರಿಂದ ದಾಖಲೆಯನ್ನು ಬಚ್ಚಿಡುವ ಅವಕಾಶವೇ ಇರಲಿಲ್ಲ.

ಈ ಸ್ಥಿತಿ ಬದಲಾದದ್ದು ಕಂದಾಯದ ಆಡಳಿತವು ದೂರದ ರಾಜಧಾನಿಯ ಭಾಷೆ ಮತ್ತು ಲೆಕ್ಕಪತ್ರಗಳಿಗೆ ಒಳಪಟ್ಟಾಗ. ಹೈದರಾಬಾದಿನ ನಿಜಾಮರ ಅಧೀನದಲ್ಲಿದ್ದ ರಾಯಚೂರು ದೋಆಬ್, ಸೈನ್ಯದ ವೆಚ್ಚದ ಬಾಕಿಗಾಗಿ 1853ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಮರಳಿ ಬಂದಿತು. ದಿವಾನ ಒಂದನೆಯ ಸಾಲಾರ್ ಜಂಗ್ 1865ರಲ್ಲಿ ಜಾರಿಗೆ ತಂದ ಜಿಲಾಬಂದಿ ಎಂಬ ಜಿಲ್ಲಾ ಆಡಳಿತ ಪದ್ಧತಿ ಮುಂದಿನ ಕಂದಾಯ ವ್ಯವಸ್ಥೆಗೆ ತಳಹದಿಯಾಯಿತು. ಹೊಲಕ್ಕೆ ಸರ್ವೆ ನಂಬರು, ರೈತನಿಗೆ ಪಟ್ಟಾ ಎಂಬ ಹಕ್ಕುಪತ್ರ, ಊರಿನ ಲೆಕ್ಕಕ್ಕೆ ಪಟವಾರಿ, ವಸೂಲಿಗೆ ಮಾಲಿಪಾಟೀಲ ಎಂಬ ಏರ್ಪಾಡು ನೆಲೆಗೊಂಡು, ಫಸಲಿ 1317ರ, ಅಂದರೆ ಕ್ರಿ.ಶ. 1907ರ ಹೊತ್ತಿನ, ಹೈದರಾಬಾದ್ ಭೂಕಂದಾಯ ಕಾಯ್ದೆಯು ಇವೆಲ್ಲಕ್ಕೂ ಒಂದು ಚೌಕಟ್ಟನ್ನು ಒದಗಿಸಿತು. ಆಡಳಿತದ ಭಾಷೆ ಮೊದಲು ಫಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು ಆಗಿದ್ದುದರಿಂದ, ಕನ್ನಡದ ರೈತನು ತನ್ನದೇ ಹೊಲದ ಕಾಗದವನ್ನು ಇನ್ನೊಬ್ಬರ ಬಾಯಿಂದ ಓದಿಸಿ ಕೇಳಬೇಕಾಯಿತು. ದಸ್ತಾವೇಜು, ಖರೀದಿ, ಕಬ್ಜಾ, ಪಹಣಿ, ಹೊಲದ ಮೇಲಿನ ಸಾಲವನ್ನು ಸೂಚಿಸುವ ಬೋಜಾ ಮುಂತಾದ ಪದಗಳು ಈ ಸೀಮೆಯ ಆಡುಮಾತಿನಲ್ಲಿ ಇಂದಿಗೂ ಉಳಿದಿರುವುದು ಆ ಕಾಲದ ಗುರುತು. ಪತ್ರ ಬರೆದುಕೊಡುವ ಬಿಕ್ಕಲಂದಾರನಿಗೂ ಲೆಕ್ಕದ ಪುಸ್ತಕ ಇಟ್ಟುಕೊಂಡ ಪಟವಾರಿಗೂ ಇದ್ದ ಮಹತ್ವ ಈ ಓದಿನಿಂದ ಬಂದದ್ದು. ಯಾರ ಹೊಲ ಸಾಲದಲ್ಲಿದೆ, ಯಾರು ಮಾರಲು ಸಿದ್ಧರಿದ್ದಾರೆ ಎಂಬ ಸುದ್ದಿ ಮೊದಲು ಮುಟ್ಟುತ್ತಿದ್ದುದು ಅವರನ್ನೇ.

ಕಸುಬಿನ ಎರಡನೆಯ ಬೇರು ಪೇಟೆಯಲ್ಲಿದೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮಾರ್ಗವೂ ಮದರಾಸಿನಿಂದ ಬಂದ ಮದ್ರಾಸ್ ರೈಲು ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ಆ ಊರು ಹತ್ತಿ ಮತ್ತು ಎಣ್ಣೆಕಾಳುಗಳ ದೊಡ್ಡ ಮಾರುಕಟ್ಟೆಯಾಗಿ ಬೆಳೆಯಿತು. ಗಂಜ್ ಎಂದು ಕರೆಯುವ ಧಾನ್ಯದ ಪೇಟೆಯಲ್ಲಿ ರೈತನ ಮಾಲನ್ನು ಇಳಿಸಿಕೊಂಡು ಮಾರಿಸಿಕೊಡುವ ಅಡತಿ ಅಂಗಡಿಯವನು, ಕೊಳ್ಳುವವನ ಪರವಾಗಿ ದರ ಕುದುರಿಸುವ ದಲ್ಲಾಳಿ ಎಂಬ ಪಾತ್ರಗಳು ಆಗಲೇ ಸ್ಪಷ್ಟವಾಗಿದ್ದವು. ದನದ ಸಂತೆಯಲ್ಲಂತೂ ದಲ್ಲಾಳಿಯು ಟವೆಲ್ಲಿನ ಕೆಳಗೆ ಕೊಡುವವನ ಮತ್ತು ಕೊಳ್ಳುವವನ ಬೆರಳುಗಳನ್ನು ಹಿಡಿದು, ಸುತ್ತಲಿನವರಿಗೆ ದರ ಗೊತ್ತಾಗದಂತೆ ವ್ಯಾಪಾರ ಮುಗಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕಂಡುಬರುತ್ತದೆ. ಎರಡೂ ಕಡೆಯಿಂದ ದಲ್ಲಾಳಿ ಹಣ ಪಡೆಯುವುದು, ಕೊನೆಯ ದರವನ್ನು ಒಬ್ಬರಿಂದ ಇನ್ನೊಬ್ಬರಿಗೆ ಮರೆಮಾಡುವುದು, ಮಾತು ಮುರಿಯದಂತೆ ಕೂಡಲೇ ಸಂಚಕಾರ ಎಂಬ ಮುಂಗಡ ಕೊಡಿಸುವುದು ಮುಂತಾದ ಮನೆ–ಹೊಲದ ದಲ್ಲಾಳಿಕೆಯ ರೀತಿಗಳು ಈ ಪೇಟೆ–ಸಂತೆಗಳ ರೀತಿಗಳಿಗೆ ತೀರ ಹತ್ತಿರವಾಗಿವೆ. ಮಿತಾಕ್ಷರಾ ಹೇಳುವ ಬಹಿರಂಗ ವ್ಯವಹಾರಕ್ಕೆ ಟವೆಲ್ಲಿನ ಕೆಳಗಿನ ವ್ಯವಹಾರವು ನೇರ ವಿರುದ್ಧವೆಂಬುದು ಇಲ್ಲಿ ಗಮನಾರ್ಹ.

ಮನೆಯನ್ನು ಮಾರಾಟಕ್ಕೆ ಸಿಂಗರಿಸುವ ರೂಢಿಯೂ ಹೊಸದೇನಲ್ಲ. ಈ ಭಾಗದ ಹಳೆಯ ಮನೆಗಳು ಕಲ್ಲು–ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಬೆಳಕಿಗೂ ಹೊಗೆಗೂ ಬಿಟ್ಟ ಬೆಳಕಿಂಡಿ, ಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ, ಅದಕ್ಕಿಂತ ಎತ್ತರದ ಪಡಸಾಲೆ ಎಂಬ ವಿನ್ಯಾಸದವು. ಕೊಳ್ಳಲು ಬಂದವರು ಬಾಗಿಲಿನ ದಿಕ್ಕು, ನಿವೇಶನದ ಮುಂಭಾಗ ಕಿರಿದಾಗಿ ಹಿಂಭಾಗ ಅಗಲವಾಗಿರುವ ಗೋಮುಖವೋ ಅದಕ್ಕೆ ತದ್ವಿರುದ್ಧವಾದ ವ್ಯಾಘ್ರಮುಖವೋ ಎಂಬುದನ್ನು ನೋಡಿ, ತೊಲೆಗೆ ಗೆದ್ದಲು ಹತ್ತಿದೆಯೇ, ಮಳೆಗಾಲದಲ್ಲಿ ಮಾಳಿಗೆ ಸೋರಿದ ಕಲೆ ಗೋಡೆಯ ಮೇಲಿದೆಯೇ, ಬಾವಿಯ ನೀರು ಸಿಹಿಯೋ ಸವಳೋ ಎಂಬುದನ್ನು ಪರೀಕ್ಷಿಸುತ್ತಾರೆ. ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲೆ ಬುನಾದಿ ಆಳವಿಲ್ಲದೆ ಕಟ್ಟಿದ ಗೋಡೆ ಸೀಳುವುದು ಸಾಮಾನ್ಯ. ಆದ್ದರಿಂದಲೇ ಕೆಂಪು ಮಸಾರಿ ನೆಲದ ಮೇಲಿನ ಮನೆಗೆ ಮನ್ನಣೆ ಹೆಚ್ಚು. ಮಾರುವ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ಬಿರುಕಿಗೆ ಗಿಲಾವು ಮೆತ್ತಿಸಿ, ಗೋಡೆಗೆ ಸುಣ್ಣ, ಕಟ್ಟೆಗೆ ಕೆಮ್ಮಣ್ಣು ಬಳಿಸಬೇಕೆಂಬ ಸಲಹೆ ದಲ್ಲಾಳಿಯಿಂದಲೇ ಬರುತ್ತದೆ. ಹಬ್ಬಕ್ಕೆ ಬಳಿಯುವ ಸುಣ್ಣ ಮನೆಯನ್ನು ಚೊಕ್ಕಗೊಳಿಸಿದರೆ, ಮಾರಾಟದ ಮುನ್ನ ಬಳಿಯುವ ಸುಣ್ಣವು ಕೆಲವೊಮ್ಮೆ ಬಿರುಕನ್ನೂ ಮುಚ್ಚುತ್ತದೆ ಎಂಬುದನ್ನು ಅನುಭವಸ್ಥ ಖರೀದಿದಾರರು ಬಲ್ಲರು. ಮನೆ ನೋಡಲು ಮಳೆಗಾಲವೇ ಒಳ್ಳೆಯದೆಂಬ ತಿಳಿವಳಿಕೆಯ ಹಿಂದೆ ಈ ಎಚ್ಚರವಿದೆ.

ಸೆಪ್ಟೆಂಬರ್ 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ ಭೂಮಿಯ ಹಕ್ಕಿನ ಸ್ವರೂಪವೇ ಬದಲಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು; 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆಯು ಕೃಷಿಭೂಮಿಯ ವರ್ಗಾವಣೆಗೆ ಅಧಿಕಾರಿಗಳ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು; 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಇದೇ ಅವಧಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿಂಧನೂರು ಕಡೆಗೆ ಹರಿಯತೊಡಗಿದಾಗ, ಕರಾವಳಿ ಆಂಧ್ರದ ಭತ್ತದ ರೈತರು ಇಲ್ಲಿ ಜಮೀನು ಕೊಂಡು ‘ಕ್ಯಾಂಪ್’ ಎಂದು ಹೆಸರಾದ ವಸತಿಗಳನ್ನು ಕಟ್ಟಿಕೊಂಡರು. ತೆಲುಗು ಮತ್ತು ಕನ್ನಡಗಳೆರಡನ್ನೂ ಬಲ್ಲ, ಕಾಲುವೆ ಯಾವ ಹೊಲಕ್ಕೆ ಬರುತ್ತದೆಂಬುದನ್ನು ತಿಳಿದ ಮಧ್ಯಸ್ಥನಿಗೆ ಇಂಥ ವ್ಯವಹಾರಗಳಲ್ಲಿ ಸಹಜವಾಗಿಯೇ ಬೆಲೆ ಬಂದಿತು. ಮುಂದೆ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗ ತಾಲ್ಲೂಕಿಗೆ ನೀರು ತಂದಾಗ ಗಬ್ಬೂರು ಸೀಮೆಯ ಒಣಭೂಮಿಯ ದರದಲ್ಲೂ ಏರಿಕೆ ಕಾಣಿಸಿಕೊಂಡಿತು.

ಹೊಲವನ್ನು ಪ್ಲಾಟುಗಳಾಗಿ ಒಡೆಯುವ ವ್ಯಾಪಾರದೊಂದಿಗೆ ದಲ್ಲಾಳಿಯ ಪಾತ್ರ ಮತ್ತೆ ಬದಲಾಯಿತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮಿನ ಪ್ರಕಾರ ಕೃಷಿಭೂಮಿಯನ್ನು ವಸತಿಗೆ ಬಳಸಲು ಭೂಪರಿವರ್ತನೆ ಬೇಕು. ಜನ ಇದನ್ನು ‘ಎನ್.ಎ. (ಕೃಷಿಯೇತರ) ಮಾಡಿಸುವುದು’ ಎನ್ನುತ್ತಾರೆ. ಪರಿವರ್ತನೆಯಿಲ್ಲದೆ 40 ಗುಂಟೆಯ ಎಕರೆಯನ್ನು ಗುಂಟೆ ಲೆಕ್ಕದಲ್ಲಿ ಮಾರುವ ವ್ಯವಹಾರಗಳೂ ರಾಜ್ಯದ ಎಲ್ಲೆಡೆ ನಡೆದುಬಂದಿವೆ. ಮರಂ ಎಂಬ ಗರಸು ಮಣ್ಣು ಹಾಕಿದ ರಸ್ತೆ, ಹೆಬ್ಬಾಗಿಲಿನ ಕಮಾನು, ಬಣ್ಣ ಬಳಿದ ಗಡಿಕಲ್ಲು, ಸಾಲು ಸಸಿ, ಫ್ಲೆಕ್ಸ್ ಫಲಕಗಳಿಂದ ಖಾಲಿ ಹೊಲವನ್ನೇ ಬಡಾವಣೆಯಂತೆ ತೋರಿಸುವ ಈ ಸಿದ್ಧತೆಯು ಹಳೆಯ ಸುಣ್ಣ–ಕೆಮ್ಮಣ್ಣಿನ ಮುಂದುವರಿಕೆ. ಹೋಲಿಕೆಗೆ ಹೊರಗಿನ ಉದಾಹರಣೆ ನೋಡುವುದಾದರೆ, ಅಮೆರಿಕದಲ್ಲಿ 1908ರಲ್ಲೇ ಷಿಕಾಗೊದಲ್ಲಿ ಆಸ್ತಿ ದಲ್ಲಾಳಿಗಳ ರಾಷ್ಟ್ರೀಯ ಸಂಘ ಸ್ಥಾಪನೆಯಾಗಿ ತನ್ನ ಸದಸ್ಯರಿಗೆ ನೀತಿಸಂಹಿತೆಯನ್ನು ರೂಪಿಸಿತು. ಮಾರುವ ಮನೆಗೆ ಪೀಠೋಪಕರಣ ಜೋಡಿಸಿ ಅಲಂಕರಿಸಿ ತೋರಿಸುವುದು ಅಲ್ಲಿ ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ದಲ್ಲಾಳಿಯ ಮುಖ್ಯ ಬಂಡವಾಳವಾದ ಮಾಹಿತಿಯೇ ಕೈಜಾರತೊಡಗಿತು. 2002ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಪಹಣಿಗಳು ಗಣಕೀಕೃತವಾಗಿ ಗ್ರಾಮ ಲೆಕ್ಕಾಧಿಕಾರಿಯ ಕೈಬರಹದ ಪುಸ್ತಕದ ಏಕಸ್ವಾಮ್ಯ ಮುಗಿಯಿತು; ‘ಕಾವೇರಿ’ ತಂತ್ರಾಂಶವು ನೋಂದಣಿಯನ್ನೂ, ‘ಇ–ಸ್ವತ್ತು’ ಎಂಬ ವ್ಯವಸ್ಥೆಯು ಗ್ರಾಮ ಪಂಚಾಯಿತಿಯ ಮನೆಗಳ ನಮೂನೆ 9 ಮತ್ತು 11ಬಿ ದಾಖಲೆಗಳನ್ನೂ ಗಣಕಕ್ಕೆ ತಂದವು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ 11ಇ ನಕ್ಷೆ ಎಂಬ ಅಳತೆಯ ನಕ್ಷೆ ಬೇಕೆಂಬ ನಿಯಮವು ಚತುಸ್ಸೀಮೆಯನ್ನು ಮತ್ತೆ ಮಾರಾಟದ ಮೊದಲ ಹೆಜ್ಜೆಯಾಗಿಸಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ತೆಗೆದುಹಾಕಲ್ಪಟ್ಟದ್ದರಿಂದ ಕೊಳ್ಳುವವರ ವಲಯವೂ ವಿಸ್ತರಿಸಿತು.

ದಲ್ಲಾಳಿಯನ್ನೇ ನೇರವಾಗಿ ಉದ್ದೇಶಿಸಿದ ಕೇಂದ್ರ ಕಾಯ್ದೆ ಬಂದದ್ದು 2016ರಲ್ಲಿ. ರೇರಾ ಎಂದು ಪ್ರಸಿದ್ಧವಾದ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಈ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ 9ನೆಯ ಕಲಮು ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿದರೆ, 10ನೆಯ ಕಲಮು ನೋಂದಣಿಯಾಗದ ಯೋಜನೆಯ ಪ್ಲಾಟನ್ನು ಮಾರಿಸಬಾರದು, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಲಭ್ಯವನ್ನು ಇದೆಯೆಂದು ಹೇಳಬಾರದು ಎಂದು ವಿಧಿಸುತ್ತದೆ. ಆದರೆ ಈ ಕಾಯ್ದೆಯ ಕಡ್ಡಾಯ ನೋಂದಣಿ ಯೋಜನಾ ಪ್ರದೇಶದೊಳಗಿನ, 500 ಚದರ ಮೀಟರಿಗಿಂತ ದೊಡ್ಡದಾದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳಿರುವ ಹೊಸ ಯೋಜನೆಗಳಿಗೆ ಸಂಬಂಧಿಸಿದ್ದು. ಹಳೆಯ ಮಾಳಿಗೆ ಮನೆಯೊಂದನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡಿಸುವ ಹಳ್ಳಿಯ ದಲ್ಲಾಳಿ ಅದರ ವ್ಯಾಪ್ತಿಯಲ್ಲಿಲ್ಲ. ಅಂಥ ಮಾರಾಟದಲ್ಲಿ ಕೊಳ್ಳುವವನ ರಕ್ಷಣೆಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮು. ತನಗೆ ಗೊತ್ತಿದ್ದು, ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಸಿಗಲಾರದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕೆಂದು ಅದು ಹೇಳುತ್ತದೆ. ಆ ಹೊಣೆ ಮಾಲೀಕನದು, ದಲ್ಲಾಳಿಯದಲ್ಲ. ಸುಣ್ಣ ಬಳಿಯಲು ಸಲಹೆ ಕೊಟ್ಟವನನ್ನು ಈ ಕಲಮು ಮುಟ್ಟುವುದಿಲ್ಲ. ಊರಿನ ಸಮಕ್ಷಮದಿಂದ ಕಾಗದಕ್ಕೆ, ಕಾಗದದಿಂದ ಗಣಕಕ್ಕೆ ದಾಟಿದ ಈ ವ್ಯವಹಾರದಲ್ಲಿ ಹಕ್ಕು ಮತ್ತು ಗಡಿಯ ಸಾಕ್ಷಿಗೆ ಇಂದು ದಾಖಲೆ ಸಾಕು. ಗೋಡೆಯ ಬಿರುಕಿಗೆ ಮಾತ್ರ ಈಗಲೂ ಕೊಳ್ಳುವವನೇ ಸಾಕ್ಷಿ.