ಕನ್ನದಿಂದ ಕದದವರೆಗೆ

‘ಕನ್ನ’ ಎಂಬ ಮಾತು ಇಂದು ಪತ್ರಿಕೆಗಳಲ್ಲಿ ದಿನವೂ ಕಣ್ಣಿಗೆ ಬೀಳುತ್ತದೆ. ಬ್ಯಾಂಕಿನ ಖಾತೆಗೆ ಕನ್ನ, ಸರ್ಕಾರದ ಬೊಕ್ಕಸಕ್ಕೆ ಕನ್ನ. ಆದರೆ ಅದರ ಮೂಲಾರ್ಥ ಬಹಳ ಸರಳವಾದದ್ದು: ಕಳ್ಳನು ಗೋಡೆಯಲ್ಲಿ ಕೊರೆದ ರಂಧ್ರ. ಮನೆಗಳ್ಳತನಕ್ಕೆ ನಮ್ಮ ಭಾಷೆಯಲ್ಲಿ ನೆಲೆನಿಂತ ಈ ಹೆಸರು ಬಾಗಿಲಿನಿಂದ ಬಂದದ್ದಲ್ಲ, ಗೋಡೆಯಿಂದ ಬಂದದ್ದು. ಮನೆಯ ಮುಂಬಾಗಿಲನ್ನು ಭದ್ರಪಡಿಸಿಕೊಂಡ ಚರಿತ್ರೆಯನ್ನು ಹೇಳಹೊರಟಾಗ ನನಗೆ ಮೊದಲು ಹೊಳೆದದ್ದು ಈ ವಿಚಾರವೇ.

ನಮ್ಮ ಹಳೆಯ ಮನೆಗಳ ಬಾಗಿಲನ್ನು ಕಂಡವರಿಗೆ ಇದರ ಕಾರಣ ಹೊಳೆದೀತು. ತೇಗದ ಇಲ್ಲವೇ ಹಲಸಿನ ದಪ್ಪ ಹಲಗೆಗಳ ಜೋಡಿ ಕದ. ಎಷ್ಟೋ ಕಡೆ ಕಬ್ಬಿಣದ ಕೀಲು ಕೂಡ ಇಲ್ಲ. ಕದದ ಅಂಚಿನಲ್ಲೇ ಕಡೆದ ಗೂಟ ಹೊಸ್ತಿಲಿನ ಕುಳಿಯಲ್ಲಿ ಕುಳಿತು ತಿರುಗುತ್ತದೆ. ಒಳಗೆ ಅಡ್ಡಕ್ಕೆ ಅಗುಳಿ. ಗೋಡೆಯ ದಪ್ಪದೊಳಗೆ ಹುದುಗಿರುವ ಆ ಮರದ ತೊಲೆಯನ್ನು ರಾತ್ರಿ ಎಳೆದು, ಎದುರು ಗೋಡೆಯ ಕುಳಿಗೆ ಸೇರಿಸಿದರೆ ಮುಗಿಯಿತು. ಹೊರಗಿನಿಂದ ನಾಲ್ವರು ಭುಜ ಕೊಟ್ಟು ನೂಕಿದರೂ ಆ ಪೆಟ್ಟು ಕದದಲ್ಲಿ ನಿಲ್ಲದು. ಅಗುಳಿಯ ಮೂಲಕ ಎರಡು ಕಡೆಯ ಗೋಡೆಗೂ ಹಂಚಿಹೋಗುತ್ತದೆ. ಇಂಥ ಬಾಗಿಲಿನೊಡನೆ ಕಳ್ಳನಾದವನು ಏಕೆ ಗುದ್ದಾಡಬೇಕು? ಪಕ್ಕದಲ್ಲೇ ಮಣ್ಣಿನ ಗೋಡೆಯಿತ್ತು.

ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕವನ್ನು ಓದಿದವರಿಗೆ ಶರ್ವಿಲಕನ ನೆನಪಿರುತ್ತದೆ. ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಹಣ ಬೇಕಾಗಿ ಅವನು ಚಾರುದತ್ತನ ಮನೆಗೆ ಕನ್ನವಿಡುತ್ತಾನೆ. ಅವನ ಪರೀಕ್ಷಾಕ್ರಮವನ್ನು ಇಂದಿನ ಎಂಜಿನಿಯರರೂ ಮೆಚ್ಚಬೇಕು. ದಿನವೂ ಸೂರ್ಯನಿಗೆ ಅರ್ಘ್ಯ ಬಿಟ್ಟು ನೀರು ಇಂಗಿದ ಜಾಗ ಯಾವುದು, ಇಲಿ ತೋಡಿದ ಮಣ್ಣು ಎಲ್ಲಿ ಬಿದ್ದಿದೆ ಎಂದು ಹುಡುಕುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿ ಇಟ್ಟಿಗೆಯಾದರೆ ಕೊಯ್ಯಬೇಕು, ಮಣ್ಣಿನ ಮುದ್ದೆಯಾದರೆ ನೆನೆಸಬೇಕು, ಮರವಾದರೆ ಸೀಳಬೇಕು ಎಂಬ ಶಾಸ್ತ್ರ ಅವನಿಗೆ ಕಂಠಪಾಠ. ಅಳತೆಯ ದಾರ ಮರೆತುಬಂದದ್ದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಓದುಗರು ನಗುವುದು ಇಲ್ಲಿ. ನನಗೆ ಇದಕ್ಕಿಂತ ಮುಖ್ಯವಾಗಿ ತೋರುವುದು ಅನಂತರದ ಒಂದು ಸಣ್ಣ ಕೆಲಸ. ಒಳಹೊಕ್ಕವನು ಒಡವೆಗೆ ಕೈಹಾಕುವ ಮೊದಲೇ ಬಾಗಿಲನ್ನು ತೆರೆದಿಡುತ್ತಾನೆ, ತಾನು ತಪ್ಪಿಸಿಕೊಳ್ಳುವುದಕ್ಕಾಗಿ. ಹಳೆಯ ಕದ ಕಿರುಗುಟ್ಟಿದಾಗ ಅದಕ್ಕೆ ನೀರು ಚಿಮುಕಿಸುತ್ತಾನೆ. ಈ ಸಂಗತಿಗೆ ಮತ್ತೆ ಬರುತ್ತೇನೆ.

ಇದೆಲ್ಲ ಕೇವಲ ಕವಿಕಲ್ಪನೆಯಲ್ಲ ಎಂಬುದಕ್ಕೆ ಕಾನೂನಿನ ಪುಸ್ತಕವೇ ಸಾಕ್ಷಿ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತೀಯ ದಂಡ ಸಂಹಿತೆ 1860ರಲ್ಲಿ ಶಾಸನವಾಗಿ, 2024ರ ಜುಲೈ 1ರಂದು ಹೊಸ ಸಂಹಿತೆ ಬರುವವರೆಗೂ ನಡೆಯಿತು. ಅದರ 445ನೆಯ ವಿಧಿ ಮನೆಯೊಡೆಯುವುದೆಂದರೆ ಏನೆಂದು ವಿವರಿಸುತ್ತದೆ. ಅಲ್ಲಿ ಕೊಟ್ಟ ನಿದರ್ಶನಗಳಲ್ಲಿ ಮೊದಲನೆಯದು ಬಾಗಿಲಲ್ಲ, ಗೋಡೆಯಲ್ಲಿ ತೂತು ಕೊರೆದು ಕೈ ತೂರಿಸಿದವನ ಕತೆ. ಕಿಟಕಿಯಿಂದ ನುಗ್ಗಿದವನು, ಕದದ ರಂಧ್ರದಲ್ಲಿ ತಂತಿ ಹಾಕಿ ಚಿಲಕ ಎತ್ತಿದವನು, ಕಳೆದುಹೋದ ಬೀಗದ ಕೈ ಸಿಕ್ಕಿ ಅದರಿಂದಲೇ ಬೀಗ ತೆಗೆದವನು, ಬಾಗಿಲಲ್ಲಿ ನಿಂತ ಯಜಮಾನನನ್ನೇ ಕೆಡವಿ ಹೊಕ್ಕವನು ಎಲ್ಲರೂ ಅವನ ಹಿಂದೆ ಬರುತ್ತಾರೆ. ವಕೀಲರು ಇದನ್ನು ವಿಧಿಯೆಂದು ಓದಲಿ. ನಾನಂತೂ ಸಮಾಜದ ಚರಿತ್ರೆಯೆಂದೇ ಓದುತ್ತೇನೆ.

ಇಟ್ಟಿಗೆ, ಗಾರೆ, ಸಿಮೆಂಟುಗಳು ಬಂದು ಗೋಡೆ ಗಟ್ಟಿಯಾದ ಮೇಲೆ ಕಳ್ಳನ ದೃಷ್ಟಿ ಬಾಗಿಲಿನ ಕಡೆ ತಿರುಗಿತು. ಮನೆಯವನ ನಂಬಿಕೆಯೆಲ್ಲ ಬೀಗದ ಮೇಲೆ ಬಂದು ನಿಂತಿತು. ಇಂಗ್ಲೆಂಡಿನಲ್ಲಿ ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1851ರಲ್ಲಿ. ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಹಾಬ್ಸ್ ಎಂಬ ಕುಶಲಿ, ಹೆಸರಾಂತ ಚಬ್ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆಗೆದುಬಿಟ್ಟ. ತೆಗೆದವರಿಗೆ 200 ಗಿನಿ ಎಂಬ ಪಂಥದೊಡನೆ ದಶಕಗಳಿಂದ ಅಂಗಡಿಯ ಕಿಟಕಿಯಲ್ಲಿ ಮೆರೆಯುತ್ತಿದ್ದ ಬ್ರಾಮಾ ಬೀಗಕ್ಕೆ ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆ ಹಿಡಿಯಿತು. ನಮ್ಮಲ್ಲಿ ಅಲಿಗಢ, ದಿಂಡಿಗಲ್ಲುಗಳ ಬೀಗಗಳು ಹೆಸರಾದವು. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗದ ಉದ್ಯಮ ಹೂಡಿದರು. ಆದರೆ ಹಾಬ್ಸನಂತೆ 51 ಗಂಟೆ ಕೂರುವ ತಾಳ್ಮೆ ಯಾವ ಕಳ್ಳನಿಗಿದೆ? ಹೊರಗೆ ತೂಗುವ ಬೀಗವಂತೂ, ಮನೆಯಲ್ಲಿ ಯಾರೂ ಇಲ್ಲವೆಂದು ಅವನಿಗೆ ಬರೆದಿಟ್ಟ ಓಲೆ.

ಎರಡು ವರ್ಷಗಳ ಕೆಳಗೆ ನಮ್ಮ ಬೀದಿಯ ಒಂದು ಮನೆಯವರು ಮದುವೆಗೆಂದು ಪರಸ್ಥಳಕ್ಕೆ ಹೋಗಿದ್ದಾಗ ಕಳವಾಯಿತು. ನಾನೂ ಹೋಗಿ ನೋಡಿದೆ. ಬೆಲೆಬಾಳುವ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ನಾಲಗೆ ಹೊರಚಾಚಿಕೊಂಡು, ಇನ್ನೂ ಬಾಗಿಲನ್ನು ಕಾಯುತ್ತಿರುವಂತೆ ಇತ್ತು. ಸೀಳಿಹೋಗಿದ್ದದ್ದು ಚೌಕಟ್ಟು. ಬೀಗದ ನಾಲಗೆ ಸೇರುವ ತಗಡನ್ನು ಅರ್ಧ ಅಂಗುಲದ ಎರಡು ತಿರುಪು ಮೊಳೆಗಳು ಹಿಡಿದಿದ್ದವು. ಒದೆತದ ಬಲವೆಲ್ಲ ಆ ಎರಡು ಮೊಳೆಗಳ ಮೇಲೆ, ಅವುಗಳ ಸುತ್ತಲಿನ ಬೆರಳಗಲದ ಮರದ ಮೇಲೆ ಬಿದ್ದಿತ್ತು. ದುರಸ್ತಿಗೆ ಬಂದ ಬಡಗಿ ಬೀಗವನ್ನು ಬದಲಿಸಲಿಲ್ಲ. ಉದ್ದನೆಯ ಉಕ್ಕಿನ ಪಟ್ಟಿಯನ್ನು ಚೌಕಟ್ಟಿಗೆ ಹೊಂದಿಸಿ, ಮೂರು ಅಂಗುಲಕ್ಕೂ ಮೀರಿದ ಮೊಳೆಗಳನ್ನು ಮರದ ಆಚೆ ಗೋಡೆಯವರೆಗೂ ಇಳಿಸಿದ. ಕೀಲುಗಳ ಕಡೆಗೂ ಹಾಗೆಯೇ ಮಾಡಿದ. ಅಜ್ಜಂದಿರ ಅಗುಳಿ ಮಾಡುತ್ತಿದ್ದ ಕೆಲಸವೇ ಇದು: ಪೆಟ್ಟನ್ನು ಗೋಡೆಗೆ ದಾಟಿಸುವುದು.

ಆದರೆ ಮನೆಯವರ ಭಯ ಅಲ್ಲಿಗೆ ನಿಲ್ಲಲಿಲ್ಲ. ಕಿಟಕಿಗಳಿಗೆಲ್ಲ ಸರಳು, ಬಾಗಿಲ ಮುಂದೆ ಕಬ್ಬಿಣದ ಗ್ರಿಲ್, ಅದಕ್ಕೊಂದು ಬೀಗ, ಒಳಗಿನಿಂದಲೂ ಬೀಗದ ಕೈ ಬೇಕಾದ ಇನ್ನೊಂದು ಬೀಗ. ಬೀಗದ ಕೈಗಳೆಲ್ಲ ಮಹಡಿಯಲ್ಲಿ ಮಲಗುವ ಮಗನ ಬಳಿ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಒಂದು ದಿನ ನನ್ನನ್ನು ಕರೆದು, “ಮೇಷ್ಟ್ರೇ, ನೀವಾದರೂ ಅವನಿಗೆ ಹೇಳಿ. ರಾತ್ರಿ ಬೆಂಕಿ ಗಿಂಕಿ ಬಿದ್ದರೆ ನಾನು ಎಲ್ಲಿಂದ ಹೊರಗೆ ಹೋಗಲಿ?” ಎಂದರು. ನನಗೆ ಶರ್ವಿಲಕನ ನೆನಪಾಯಿತು. ಹೊಕ್ಕ ಮನೆಯಿಂದ ಹೊರಬರುವ ದಾರಿಯನ್ನು ಕಳ್ಳನೇ ಮೊದಲು ಯೋಚಿಸಿದ್ದ, ಮನೆಯವರು ಯೋಚಿಸಿರಲಿಲ್ಲ.

ಮಗನಿಗೆ ಹೇಳಿದೆ. ಸ್ವಲ್ಪ ಚರ್ಚೆಯಾಯಿತು. ಕೊನೆಗೆ ಒಳಗಿನ ಬೀಗವನ್ನು ತೆಗೆಸಿ, ಬೀಗದ ಕೈಯಿಲ್ಲದೆ ಬೆರಳಿನಿಂದಲೇ ತಿರುಗಿಸಿ ತೆಗೆಯುವಂಥದನ್ನು ಹಾಕಿಸಿದರು. ಗ್ರಿಲ್ಲಿಗೂ ಅಂಥದೇ. ಹೊರಗಿನಿಂದ ಕೈ ತೂರಿಸಿದರೆ ಎಟುಕದಂತೆ ಬಡಗಿ ಅದರ ಮೇಲೊಂದು ತಗಡನ್ನು ಮುಚ್ಚಿದ್ದಾನೆ. ಅಜ್ಜಿ ರಾತ್ರಿ ಮಲಗುವ ಮುನ್ನ ಎದ್ದು ಬಂದು, ದೀಪವಾರಿಸಿ, ಕತ್ತಲಲ್ಲಿ ಎರಡನ್ನೂ ಒಮ್ಮೆ ತೆಗೆದು ಹಾಕಿ ನೋಡಿಕೊಳ್ಳುತ್ತಾರಂತೆ.