ಪಳಗು

ರೂಢಿಯಾಗು, ನುರಿ ಎಂಬ ಅರ್ಥದ ಕ್ರಿಯಾಪದ. ತಮಿಳಿನಲ್ಲೂ ಇದಕ್ಕೆ ಒಡಹುಟ್ಟು ಇದೆ. ‘ಹಳೆಯ’ ಎಂಬುದೂ ಇದೇ ಬೇರಿನದು. ಪಳೆಯದು ಹಳೆಯದಾದರೂ ಪಳಗು ತನ್ನ ಪಕಾರವನ್ನು ಉಳಿಸಿಕೊಂಡಿದೆ.

ಸಕ್ರೆಬೈಲಿನ ಬಿಡಾರದಲ್ಲಿ ಆನೆಯನ್ನು ಪಳಗಿಸುತ್ತಾರೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಪಳಗುವುದು ಕೈ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರೇ ಅದನ್ನು ಹಿಡಿದಿಡಬೇಕು. ರೊಟ್ಟಿ ಬಡಿಯುವಾಗ ಅಂಚು ಬಿರಿದರೆ ಎಸರು ಕಡಿಮೆಯಾಯಿತೋ, ನಾದಿದ್ದು ಸಾಲದೋ ಎಂದು ಯೋಚಿಸಿ ಮುಂದಿನ ಉಂಡೆಯನ್ನು ತಿದ್ದಿಕೊಳ್ಳುವವರು ಬೇಗ ಪಳಗುತ್ತಾರೆ. ಸುಮ್ಮನೆ ಬಡಿಯುತ್ತ ಹೋದರೆ ಅಂಚು ಬಿರಿಯುತ್ತಲೇ ಇರುತ್ತದೆ. ಹಾಗಾಗಿ ಈ ಪದವನ್ನು ಬರೀ ‘ಅಭ್ಯಾಸವಾಗು’ ಎಂದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಯೋಚನೆಯೂ ಪದದೊಳಗಿದೆ. ‘ಪಳಗಿದ ಕೈ’ ಎಂಬ ಮೆಚ್ಚುಗೆ ಬಾಣಸಿಗರಿಗೂ ನೇಕಾರರಿಗೂ ಸಲ್ಲುತ್ತದೆ. ‘ಪಳಗಿದ ಕಣ್ಣು’ ಎಂದೂ ಹೇಳುವುದುಂಟು.