ಒಂದು ಅರ್ಪಣೆ, ಒಂದು ಜಾಹೀರನಾಮೆ: ಪುಣೆಯ ಕಣ್ಣಿಗೆ ಕಂಡ ಎರಡು ಅಮೆರಿಕ

ಪುಣೆಯ ಮಗರಪಟ್ಟಾದ ಕಚೇರಿಗಳಲ್ಲಿ ಸಂಜೆಯಾದ ಮೇಲೆ ಅಮೆರಿಕದ ಬೆಳಗಿನ ಕೆಲಸ ಶುರುವಾಗುತ್ತದೆ. ಹಡಪ್ಸರದ ಮಗರ ಮನೆತನಗಳ ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಎಬ್ಬಿಸಿದ, ನಾನೂರಕ್ಕೂ ಹೆಚ್ಚು ಎಕರೆಯ ಈ ನಗರದಲ್ಲಿ ಈಗ ಲಿಫ್ಟಿನೊಳಗೂ ಕನ್ನಡ ಕಿವಿಗೆ ಬೀಳುತ್ತದೆ. ಇಲ್ಲಿಗೆ ಹತ್ತಿರದ ಮಾಂಜರಿಯಲ್ಲಿ ಒಂದು ಕಾಲಕ್ಕೆ ಜೋತಿರಾವ್ ಫುಲೆಯವರ ಜಮೀನಿತ್ತು. ಈ ಸೀಮೆಗೂ ಅಮೆರಿಕಕ್ಕೂ ಇರುವ ನಂಟು ಸಾಫ್ಟ್‌ವೇರಿಗಿಂತ ಬಹಳ ಹಳೆಯದು. ಆ ನಂಟಿನ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಈ ಟಿಪ್ಪಣಿಯ ಉದ್ದೇಶ.

ಮೊದಲನೆಯದು 1873ರಲ್ಲಿ ಫುಲೆ ಪ್ರಕಟಿಸಿದ 'ಗುಲಾಮಗಿರಿ'. ಧೋಂಡಿಬಾ ಕೇಳುತ್ತಾನೆ, ಜೋತಿರಾವ್ ಹೇಳುತ್ತಾರೆ. ಹೀಗೆ ಮರಾಠಿ ಸಂವಾದದಲ್ಲಿ ಪುಸ್ತಕ ಸಾಗುತ್ತದೆ. ಆದರೆ ಅದರ ಅರ್ಪಣೆ ಇಂಗ್ಲಿಷಿನಲ್ಲಿದೆ, ಅಮೆರಿಕ ಸಂಯುಕ್ತ ಸಂಸ್ಥಾನದ ಸಜ್ಜನರ ಹೆಸರಿಗೆ. ಕಪ್ಪು ಜನರ ಗುಲಾಮಗಿರಿಯ ವಿಷಯದಲ್ಲಿ ಅವರು ತೋರಿದ ನಿಸ್ವಾರ್ಥ ತ್ಯಾಗವನ್ನು ಮೆಚ್ಚಿ, ತನ್ನ ದೇಶದವರೂ ಅದೇ ಮಾದರಿ ಹಿಡಿದು ಶೂದ್ರ ಸೋದರರನ್ನು ಬಿಡಿಸಲಿ ಎಂದು ಫುಲೆ ಅಲ್ಲಿ ಹಾರೈಸುತ್ತಾರೆ. ಗುಲಾಮಗಿರಿಯನ್ನು ಅಳಿಸಿದ ಹದಿಮೂರನೇ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1865ರ ಡಿಸೆಂಬರಿನಲ್ಲಿ. ಎಂಟೇ ವರ್ಷಗಳಲ್ಲಿ ಅದು ಪುಣೆಯ ಪುಸ್ತಕವೊಂದರ ಮೊದಲ ಪುಟಕ್ಕೆ ಬಂದು ಕೂತಿತ್ತು. ಬಂದ ದಾರಿಯೂ ತೀರ ಅಪರಿಚಿತವೇನಲ್ಲ. ಫುಲೆ ಥಾಮಸ್ ಪೇನ್‌ನನ್ನು ಓದಿದ್ದರು. ಅಹ್ಮದನಗರದಲ್ಲಿ ಅಮೆರಿಕನ್ ಮಿಷನ್ನಿನ ಸಿಂಥಿಯಾ ಫರ್ರಾರ್ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯನ್ನು ಕಣ್ಣಾರೆ ಕಂಡಿದ್ದರು. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ತಾವೂ ಅಂಥ ಶಾಲೆ ತೆರೆದರು. ಅವರ ಪಾಲಿಗೆ ಅಮೆರಿಕವೆಂದರೆ ಒಬ್ಬ ಬರಹಗಾರ, ಒಬ್ಬ ಮೇಷ್ಟ್ರಮ್ಮ, ಒಂದು ವಿಮೋಚನೆಯ ಸುದ್ದಿ.

ಆ ವಿಮೋಚನೆಯನ್ನು ತಂದ ಅಮೆರಿಕದ ಅಂತರ್ಯುದ್ಧವೇ ದಖ್ಖನ್ನಿನ ರೈತನ ಅಂಗಳಕ್ಕೆ ಬೇರೆ ವೇಷದಲ್ಲಿ ಬಂದಿತ್ತು. 1861ರಿಂದ 1865ರವರೆಗೆ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದೆ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡದ ಎರೆಹೊಲಗಳಲ್ಲಿ ಅಮೆರಿಕದ ಬೀಜದ ಹತ್ತಿ ಆಗಲೇ ಬೇರೂರಿತ್ತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಉಳಿಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯ ಸಂತೆಯಲ್ಲಿ ರೈತರು ಸಾಹುಕಾರರ ಮೇಲೆ ಮುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಆ ರೈತನ ಪಾಡನ್ನು ಫುಲೆ ಕೆಲವೇ ವರ್ಷಗಳ ನಂತರ 'ಶೇತಕರ್‍ಯಾಚಾ ಆಸೂಡ್' (ರೈತನ ಚಾಟಿ) ಕೃತಿಯಲ್ಲಿ ಬರೆದರು. ಒಂದೇ ಯುದ್ಧ ಒಬ್ಬರ ಸಂಕೋಲೆ ಬಿಚ್ಚಿ ಇನ್ನೊಬ್ಬರಿಗೆ ಸಾಲ ಬಿಗಿದ ಈ ಪ್ರಸಂಗವನ್ನು ಅರ್ಪಣೆಯ ಜೊತೆಗಿಟ್ಟು ಓದುವವರು ಕಡಿಮೆ. ಹಾಗೆ ಓದಲೇಬೇಕೆಂದು ನನ್ನ ಆಗ್ರಹ.

ಎರಡನೆಯ ದಾಖಲೆಗೆ ಬರುವ ಮುನ್ನ ನಡುವಿನ ಒಂದು ಪತ್ರವನ್ನು ನೆನೆಯಬೇಕು. ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿ 1946ರಲ್ಲಿ ಅಂಬೇಡ್ಕರ್ ಅಲ್ಲಿನ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಬರೆದರು, ಡುಬಾಯ್ಸ್ ಉತ್ತರಿಸಿದರು. ಫುಲೆ ಬಿಡಿಸಿದವರಿಗೆ ಬರೆದಿದ್ದರು, ಅಂಬೇಡ್ಕರ್ ಬಿಡುಗಡೆಗಾಗಿ ಹೋರಾಡುತ್ತಿದ್ದವರಿಗೇ ಬರೆದರು.

ಆ ಪತ್ರದ ಎರಡು ದಶಕಗಳ ನಂತರ ವಿಯೆಟ್ನಾಂ ಯುದ್ಧ ಅಮೆರಿಕವನ್ನು ಒಡೆದಾಗ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯೂ ಒಳಗೇ ಬಿರುಕು ಬಿಟ್ಟಿತು. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹತ್ತು ಬೇಡಿಕೆಗಳಲ್ಲಿ ಒಂದು, ಕಪ್ಪು ಗಂಡಸರನ್ನು ಸೇನಾಸೇವೆಯಿಂದ ಬಿಡಬೇಕೆಂಬುದು. 1967ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಕಪ್ಪು ಜನರ ಹಕ್ಕಿಗಾಗಿ ದಶಕಗಳಿಂದ ದುಡಿದ ಎನ್‌ಎಎಸಿಪಿ ಸಂಸ್ಥೆಯೇ, ಹಕ್ಕಿನ ಹೋರಾಟವನ್ನು ಯುದ್ಧವಿರೋಧದ ಜೊತೆ ಬೆರೆಸಬಾರದೆಂದು ನಿರ್ಣಯ ಮಾಡಿತು. ನಮ್ಮ ನೋವಿನ ಹೋರಾಟ ನಮ್ಮದಷ್ಟೇ ಆಗಿರಬೇಕೋ, ಬೇರೆಯವರ ನೋವಿಗೂ ಹೆಗಲು ಕೊಡಬೇಕೋ ಎಂಬುದು ಅಲ್ಲಿನ ಜಗಳದ ತಿರುಳು. ರಿವರ್‌ಸೈಡ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ ಕಿಂಗ್ ಕೊಲೆಯಾದರು.

ಈ ಜಗಳ ಮಹಾರಾಷ್ಟ್ರದಲ್ಲಿ ಮರುಕಳಿಸಿತೆಂಬುದು ನನ್ನ ವಾದ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ್ ಧಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮತ್ತು ಗೆಳೆಯರು ದಲಿತ ಪ್ಯಾಂಥರ್ಸ್ ಕಟ್ಟಿದರು. ಧಸಾಳ್ ಹುಟ್ಟಿದ್ದು ಪುಣೆ ಜಿಲ್ಲೆಯ ಹಳ್ಳಿಯಲ್ಲಿ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಆ ಆಗಸ್ಟ್ 15ಕ್ಕೆ, ಪುಣೆಯಿಂದ ಹೊರಡುವ 'ಸಾಧನಾ' ವಾರಪತ್ರಿಕೆಯ ವಿಶೇಷಾಂಕದಲ್ಲಿ ಢಾಲೆಯವರ 'ಕಾಳಾ ಸ್ವಾತಂತ್ರ್ಯದಿನ' ಲೇಖನ ಬಂತು. ದಲಿತ ಹೆಂಗಸಿನ ಮಾನಭಂಗಕ್ಕೆ 50 ರೂಪಾಯಿ ದಂಡ, ಧ್ವಜದ ಅವಮಾನಕ್ಕೆ 300 ರೂಪಾಯಿ ದಂಡ: ಈ ಎರಡು ಅಂಕಿಗಳನ್ನು ಢಾಲೆ ಎದುರುಬದುರು ನಿಲ್ಲಿಸಿದರು. ಮಹಾರಾಷ್ಟ್ರದ ಸಾಕ್ಷರ ವಲಯ ಧ್ವಜದ ಕುರಿತ ಅವರ ಮಾತಿಗೆ ಸಿಡಿದೆದ್ದಿತು. ಆ 50 ರೂಪಾಯಿ ಅಷ್ಟೇ ಸಿಟ್ಟನ್ನು ಕೆರಳಿಸಲಿಲ್ಲವೆಂಬುದು ಇಂದಿಗೂ ಎದೆ ಚುಚ್ಚುತ್ತದೆ.

ನನ್ನ ಎರಡನೆಯ ದಾಖಲೆ, ಮರುವರ್ಷ ಹೊರಬಂದ ದಲಿತ ಪ್ಯಾಂಥರ್ಸ್ ಜಾಹೀರನಾಮೆ, 'ಗುಲಾಮಗಿರಿ'ಯ ಸರಿಯಾಗಿ ನೂರು ವರ್ಷದ ನಂತರದ್ದು. ಅಮೆರಿಕದ ಸಾಮ್ರಾಜ್ಯಶಾಹಿಯನ್ನು ಅದು ಖಂಡಿಸುತ್ತದೆ. ಬ್ಲ್ಯಾಕ್ ಪ್ಯಾಂಥರರ ಹೋರಾಟದ ಜೊತೆ ನಿಕಟ ಸಂಬಂಧವಿದೆ ಎನ್ನುತ್ತದೆ. ವಿಯೆಟ್ನಾಂ, ಕಾಂಬೋಡಿಯಗಳನ್ನು ಮಾದರಿಯಾಗಿ ಹೆಸರಿಸುತ್ತದೆ. ಫುಲೆಗೆ ಕಂಡ ಒಂದೇ ಅಮೆರಿಕ ಇಲ್ಲಿ ಎರಡಾಗಿ ಸೀಳಿದೆ, ಸೀಳಿದ್ದು ವಿಯೆಟ್ನಾಂ ಯುದ್ಧ. ಪರಿಶಿಷ್ಟ ಜಾತಿ, ಪಂಗಡಗಳವರ ಜೊತೆಗೆ ನವಬೌದ್ಧರು, ಭೂಹೀನ ಕೂಲಿಗಳು, ಬಡರೈತರು, ಹೆಂಗಸರು ಎಲ್ಲರನ್ನೂ 'ದಲಿತ' ಎಂಬ ಮಾತಿನೊಳಗೆ ತರುವುದೂ ಇದೇ ಜಾಹೀರನಾಮೆ. ಇದರಲ್ಲಿ ಅಂಬೇಡ್ಕರರ ಬುದ್ಧನಿಗಿಂತ ಮಾರ್ಕ್ಸ್‌ನ ನೆರಳೇ ಹೆಚ್ಚೆಂದು ಢಾಲೆಯವರ ಬಣ ಆಕ್ಷೇಪಿಸಿತು. 1974ರಲ್ಲಿ ಸಂಘಟನೆ ಒಡೆಯಿತು, ಧಸಾಳ್ ಹೊರಬಿದ್ದರು. ಢಾಲೆಯವರ ಆತಂಕವನ್ನು ಸಣ್ಣತನವೆಂದು ತಳ್ಳಿಹಾಕುವುದು ಅನ್ಯಾಯ. ವರ್ಗದ ಮಾತಿನೊಳಗೆ ಜಾತಿಯ ಮಾತು ಕರಗಿಹೋಗಬಹುದೆಂಬ ಅವರ ಭಯಕ್ಕೆ ಆಧಾರವಿತ್ತು. ಆದರೂ ನನ್ನ ಒಲವು ಜಾಹೀರನಾಮೆಯ ಕಡೆಗೇ. ಸುಪೆಯ ಸಾಲಗಾರ ರೈತನಿಗೆ ಜಾಗವಿರುವುದು ಅದರ 'ದಲಿತ' ಪದದಲ್ಲಿ.

ಜಾಹೀರನಾಮೆ ಬಂದ ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು 'ಬೂಸಾ' ಎಂಬ ಮಂತ್ರಿ ಬಿ. ಬಸವಲಿಂಗಪ್ಪನವರ ಮಾತು ಕರ್ನಾಟಕವನ್ನು ಅಲುಗಿಸಿತು, ಮಂತ್ರಿಪದವಿ ಹೋಯಿತು. ಆ ಬಿಸಿಯಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಬೆಳೆದ ಸಂಘಟನೆ ಪ್ಯಾಂಥರ್ ಎಂಬ ಹೆಸರನ್ನು ಎರವಲು ತರಲಿಲ್ಲ. 'ದಲಿತ' ಎಂಬುದನ್ನು ಉಳಿಸಿಕೊಂಡು, ಪಕ್ಕದಲ್ಲಿ 'ಸಂಘರ್ಷ ಸಮಿತಿ' ಎಂದು ಬರೆದುಕೊಂಡಿತು.